ಎರಡನೇ ಹೆಸರು

ಟಿವಿ ಪರದೆಯ ಕೆಳಗೆ ಓಡುತ್ತಲ್ಲ ಸ್ಕ್ರೋಲ್, ಅದರ ವಿಷಯದಲ್ಲಿ ಇವತ್ತು ನಿಮ್ಮ ಮುಂದೆ ಒಂದು ತಪ್ಪು ಒಪ್ಪಿಕೊಳ್ಳಬೇಕು.

2018ರ ಮಾರ್ಚ್ ಮೊದಲ ವಾರ. ಆಗಿನ್ನೂ ನಾನು ಕ್ಯಾಮೆರಾ ಮುಂದೆ ಬಂದಿರಲಿಲ್ಲ. ಡೆಸ್ಕ್‌ನಲ್ಲಿ ಕೂತು ಸ್ಕ್ರೋಲ್ ಟೈಪ್ ಮಾಡುವ ಹುಡುಗ. ಎಂಜಿನಿಯರಿಂಗ್ ಓದಿ ಇದೇನು ಕೆಲಸವೋ ಅಂತ ಮನೆಯಲ್ಲಿ ದಿನಾ ಬೈಸಿಕೊಳ್ಳುತ್ತಿದ್ದ ಕಾಲ. ನಟಿ ಶ್ರೀದೇವಿ ದುಬೈನಲ್ಲಿ ತೀರಿಕೊಂಡು ವಾರವಾಗಿತ್ತಷ್ಟೆ. ದೇಶದ ಟಿವಿಗಳಲ್ಲೆಲ್ಲ ಬಾತ್ ಟಬ್‌ನದ್ದೇ ಚರ್ಚೆ ನಡೆದು, ಇನ್ನೂ ಆ ಬಿಸಿ ಆರಿರಲಿಲ್ಲ. ಇತ್ತ ನಮ್ಮಲ್ಲಿ ವಿಧಾನಸಭಾ ಚುನಾವಣೆ ಹತ್ತಿರ ಬರುತ್ತಿತ್ತು. ಈ ಗದ್ದಲದ ನಡುವೆ ದೋಹಾದಿಂದ ಒಂದು ಸಣ್ಣ ಸುದ್ದಿ ಬಂತು. ಸ್ನೂಕರ್ ಟೀಮ್ ವರ್ಲ್ಡ್ ಕಪ್ ಫೈನಲ್‌ನಲ್ಲಿ ಭಾರತ ಪಾಕಿಸ್ತಾನವನ್ನು 3-2ರಿಂದ ಸೋಲಿಸಿದೆ.

ನಾನು ಟೈಪ್ ಮಾಡಿದೆ: ‘ಸ್ನೂಕರ್ ಟೀಮ್ ವರ್ಲ್ಡ್ ಕಪ್: ಪಾಕಿಸ್ತಾನವನ್ನು ಮಣಿಸಿದ ಬೆಂಗಳೂರಿನ ಪಂಕಜ್ ಅಡ್ವಾಣಿ’. ಅಲ್ಲಿಗೆ ನನ್ನ ಕೆಲಸ ಮುಗಿಯಿತು.

ಸಂಜೆ ದೊಡ್ಡಬಳ್ಳಾಪುರದಿಂದ ಫೋನ್ ಬಂತು. ನಮ್ಮ ಬೀದಿಯಲ್ಲಿ ಪವರ್‌ಲೂಮ್ ಮಗ್ಗ ಇಟ್ಟುಕೊಂಡಿದ್ದ ಮಾವ. ಸಂಬಂಧದಲ್ಲಿ ಮಾವ ಅಲ್ಲ, ಕರೆದು ಕರೆದು ಆದ ಮಾವ. ಚಿಕ್ಕಂದಿನಲ್ಲಿ ನನಗೆ ಕೇರಂ ಕಲಿಸಿದವರು.

“ಲೋ, ಟೀಮ್ ಅಂತ ಹಾಕಿದ್ದೀಯ. ಹೆಸರು ನೋಡಿದ್ರೆ ಒಬ್ಬಂದೇ ಐತೆ. ಒಬ್ಬನೇ ಟೀಮ್ ಆಗ್ತಾನೇನೋ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಇನ್ನೊಬ್ಬರ ಹೆಸರು ಏಜೆನ್ಸಿ ಸುದ್ದಿಯಲ್ಲಿ ಸ್ಪಷ್ಟವಾಗಿ ಇತ್ತು. ಮನನ್ ಚಂದ್ರ, ದೆಹಲಿಯ ಆಟಗಾರ. ನೋಡಿಯೂ ಬಿಟ್ಟಿದ್ದೆ. ಜಾಗ ಇರಲಿಲ್ಲ ಅಂತ ಸುಳ್ಳು ಹೇಳಬಹುದಿತ್ತು. ಸ್ಕ್ರೋಲ್‌ಗೆ ಜಾಗದ ಕೊರತೆ ಎಲ್ಲಿರುತ್ತೆ ಹೇಳಿ, ಅದು ಓಡುತ್ತಲೇ ಇರುತ್ತಲ್ಲ?

ಅವತ್ತಿನಿಂದ ಈ ಆಟದ ಕಥೆಯ ಬೆನ್ನು ಹತ್ತಿದೆ. ಹತ್ತಿದಷ್ಟೂ ಗೊತ್ತಾಗಿದ್ದು ಒಂದೇ. ಈ ಆಟದ ಚರಿತ್ರೆಯಲ್ಲಿ ಎರಡನೇ ಹೆಸರು ಬಿಡೋದು ನನ್ನಿಂದ ಶುರುವಾಗಿದ್ದಲ್ಲ.

ಸ್ನೂಕರ್ ಅಂದರೆ ವಿದೇಶಿ ಆಟ, ಕೋಟು-ಬೂಟಿನವರ ಆಟ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಅರ್ಧ ನಿಜ. ಆಡಿದವರು ಕೋಟು-ಬೂಟಿನವರೇ. ಆದರೆ ಆಟ ಹುಟ್ಟಿದ್ದು ನಮ್ಮ ನೆಲದಲ್ಲಿ. 1875, ಜಬಲ್‌ಪುರ. ಮಳೆಗಾಲದಲ್ಲಿ ಮಾಡಲು ಬೇರೆ ಕೆಲಸವಿಲ್ಲದ ಬ್ರಿಟಿಷ್ ಸೇನಾಧಿಕಾರಿಗಳು ಮೆಸ್‌ನಲ್ಲಿ ಬಿಲಿಯರ್ಡ್ಸ್ ಮೇಜಿನ ಮೇಲೆ ಬಣ್ಣಬಣ್ಣದ ಚೆಂಡುಗಳನ್ನು ಸೇರಿಸಿ ಹೊಸ ಆಟ ಕಟ್ಟಿದರು. ಅದರ ಹಿಂದೆ ಇದ್ದವನು ನೆವಿಲ್ ಚೇಂಬರ್ಲಿನ್ ಎಂಬ ಯುವ ಅಧಿಕಾರಿ. ಮುಂದೆ ಬ್ರಿಟನ್ ಪ್ರಧಾನಿಯಾದ ಚೇಂಬರ್ಲಿನ್ ಇವನಲ್ಲ, ಹೆಸರು ಮಾತ್ರ ಒಂದೇ. ಸೇನಾ ಅಕಾಡೆಮಿಯಲ್ಲಿ ಮೊದಲ ವರ್ಷದ ಹುಡುಗರನ್ನು ಹಾಸ್ಯಕ್ಕೆ ‘ಸ್ನೂಕರ್’ ಅನ್ನುತ್ತಿದ್ದರು. ಸುಲಭದ ಚೆಂಡು ತಪ್ಪಿಸಿದವನನ್ನು ಚೇಂಬರ್ಲಿನ್ ಹಾಗಂತ ಕರೆದನಂತೆ. ಹೆಸರು ಅಂಟಿಕೊಂಡಿತು.

ನಿಯಮಗಳನ್ನು ಬರೆದು ಗೋಡೆಗೆ ಹಚ್ಚಿದ್ದೆಲ್ಲಿ ಗೊತ್ತಾ? 1882ರಲ್ಲಿ, ಊಟಿ ಕ್ಲಬ್‌ನಲ್ಲಿ. ಮೈಸೂರಿನಿಂದ ಬಂಡೀಪುರ ದಾಟಿ ನಾವು ರಜೆಗೆ ಹೋಗ್ತೀವಲ್ಲ, ಅದೇ ಊಟಿ.

ಆ ಮೆಸ್‌ಗಳಲ್ಲಿ, ಆ ಕ್ಲಬ್‌ಗಳಲ್ಲಿ ಮೇಜಿನ ಪಕ್ಕ ಇನ್ನೊಬ್ಬ ನಿಂತಿರುತ್ತಿದ್ದ. ಅವನನ್ನು ‘ಮಾರ್ಕರ್’ ಅನ್ನುತ್ತಿದ್ದರು. ಅಂಕ ಬರೆಯೋದು, ಚೆಂಡು ಜೋಡಿಸೋದು, ಕ್ಯೂ ಕೈಗೆ ಕೊಡೋದು ಅವನ ಕೆಲಸ. ನಮ್ಮವನೇ. ಸಾಹೇಬರ ಹೆಸರುಗಳು ಇತಿಹಾಸದಲ್ಲಿ ಉಳಿದವು. ಸಾವಿರಾರು ಆಟಗಳ ಲೆಕ್ಕ ಇಟ್ಟವನ ಹೆಸರನ್ನು ಯಾರೂ ಬರೆದಿಡಲಿಲ್ಲ.

ಬೆಂಗಳೂರಿನ ಕಥೆಯೂ ಬೇರೆ ಅಲ್ಲ. ದಂಡು ಪ್ರದೇಶದ ಅಧಿಕಾರಿಗಳಿಗಾಗಿ 1868ರಲ್ಲಿ ಶುರುವಾಗಿದ್ದು ಇಂದಿನ ಬೆಂಗಳೂರು ಕ್ಲಬ್. ವಿನ್‌ಸ್ಟನ್ ಚರ್ಚಿಲ್ 13 ರೂಪಾಯಿ ಬಾಕಿ ಉಳಿಸಿ ಹೋದ ಕ್ಲಬ್ ಅದೇ. ಅಂಥ ಕಡೆ ನಮ್ಮವರಿಗೆ ಸದಸ್ಯರಾಗಿ ಕೂರಲು ಜಾಗವಿಲ್ಲದ ಕಾಲದಲ್ಲಿ, 1917ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯ ಸೆಂಚುರಿ ಕ್ಲಬ್ ಕಟ್ಟಿದರು. ನಮ್ಮ ಮಾರ್ಕರ್ ಅಂಕ ಬರೆಯುವ ಜಾಗದಿಂದ ನಮ್ಮ ಆಟಗಾರ ಕ್ಯೂ ಹಿಡಿಯುವ ಜಾಗಕ್ಕೆ ಬರೋದು ಹೀಗೆ ನಿಧಾನವಾಗಿ ನಡೆದ ಪಯಣ.

1958ರಲ್ಲಿ ಕಲ್ಕತ್ತಾದಲ್ಲಿ ವಿಲ್ಸನ್ ಜೋನ್ಸ್ ವಿಶ್ವ ಅಮೆಚೂರ್ ಬಿಲಿಯರ್ಡ್ಸ್ ಗೆದ್ದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ವಿಶ್ವ ಚಾಂಪಿಯನ್ ಪಟ್ಟ ತಂದ ಮೊದಲಿಗರು ಅವರೇ. ಕ್ರಿಕೆಟ್‌ನಲ್ಲಿ ಕಪಿಲ್ ದೇವ್ ಕಪ್ ಎತ್ತುವುದಕ್ಕೆ 25 ವರ್ಷ ಮೊದಲು. ಸ್ನೂಕರ್‌ನಲ್ಲಿ ಆ ಪಟ್ಟಕ್ಕೆ 1984ರ ತನಕ ಕಾಯಬೇಕಾಯಿತು. ಡಬ್ಲಿನ್‌ನಲ್ಲಿ ಗೆದ್ದವರು ಓಂ ಅಗರ್‌ವಾಲ್. ಆಮೇಲೆ 2003. ಚೀನಾದಲ್ಲಿ ನಡೆದ ವಿಶ್ವ ಸ್ನೂಕರ್ ಚಾಂಪಿಯನ್‌ಶಿಪ್‌ನಲ್ಲಿ ಬೆಂಗಳೂರಿನ 18 ವರ್ಷದ ಹುಡುಗ ಗೆದ್ದ. ಅವನೇ ಪಂಕಜ್ ಅಡ್ವಾಣಿ. ಪುಣೆಯಲ್ಲಿ ಹುಟ್ಟಿ, ಕುವೈತ್‌ನಲ್ಲಿ ಎಳೆಯ ವರ್ಷಗಳನ್ನು ಕಳೆದು, ಬೆಂಗಳೂರಿಗೆ ಬಂದ ಹುಡುಗ. ಅಣ್ಣ ಶ್ರೀ ಆಡುವುದನ್ನು ನೋಡಿ ಆಸೆಪಟ್ಟವನು, ಮಾಜಿ ರಾಷ್ಟ್ರೀಯ ಚಾಂಪಿಯನ್ ಅರವಿಂದ್ ಸವೂರ್ ಅವರ ಬಳಿ ಪಳಗಿದವನು.

ಅಂದರೆ ಒಬ್ಬಂಟಿ ಅಂತ ನಾವು ಅಂದುಕೊಂಡ ಚಾಂಪಿಯನ್ ಹಿಂದೆಯೂ ಅಣ್ಣ, ಗುರು ಇದ್ದರು. ಇನ್ನು ನಿಯಮವೇ ಇಬ್ಬರು ಬೇಕು ಅನ್ನುವ ಆಟದ ಮಾತೇನು?

ಇಲ್ಲಿ ಸ್ವಲ್ಪ ಹೊರಗೆ ನೋಡೋಣ. ಡಾರ್ಟ್ಸ್ ಅಂತ ಒಂದು ಆಟವಿದೆ. ಗೋಡೆಯ ವೃತ್ತಕ್ಕೆ ಪುಟ್ಟ ಬಾಣ ಎಸೆಯೋದು. ಅದಕ್ಕೂ 2010ರಿಂದ ವಿಶ್ವಕಪ್ ಇದೆ. ದೇಶಕ್ಕೆ ಇಬ್ಬರೇ. ಮೊದಲ ಕಪ್ ನೆದರ್ಲೆಂಡ್ಸ್‌ನ ಜೋಡಿಗೆ ಹೋಯಿತು. 2014ರಲ್ಲಿ ಭಾರತದ ಜೋಡಿಯೂ ಅಲ್ಲಿ ಕಣಕ್ಕಿಳಿಯಿತು. ಜೋಡಿ ಆಟದಲ್ಲಿ ಇಬ್ಬರಿಗೂ ಸೇರಿ ಒಂದೇ ಲೆಕ್ಕ. 501ರಿಂದ ಇಳಿಸುತ್ತಾ ಸೊನ್ನೆಗೆ ತರಬೇಕು. ನೀವು ಮೂರು ಬಾಣ ಎಸೆದು ಉಳಿಸಿದ ಅಂಕದಿಂದಲೇ ನಿಮ್ಮ ಜೊತೆಗಾರ ಮುಂದುವರಿಯಬೇಕು. ನಿಮ್ಮ ತಪ್ಪು ಅವನ ತಲೆಗೆ, ಅವನ ಜಾಣತನ ನಿಮ್ಮ ಖಾತೆಗೆ.

ಸ್ನೂಕರ್ ಜೋಡಿಯಲ್ಲಿ ಇನ್ನೂ ಒಂದು ಕಷ್ಟ ಇದೆ. ಮೇಜು 12 ಅಡಿ ಉದ್ದ, 6 ಅಡಿ ಅಗಲ. ಅದರ ಮೇಲೆ 15 ಕೆಂಪು, 6 ಬೇರೆ ಬಣ್ಣ, ಒಂದು ಬಿಳಿ, ಒಟ್ಟು 22 ಚೆಂಡು. ಎಂಜಿನಿಯರಿಂಗ್ ಓದಿದ ನನ್ನಂಥವನಿಗೆ ಇದು ಬರೀ ಕೋನ, ವೇಗ, ಘರ್ಷಣೆಯ ಲೆಕ್ಕದಂತೆ ಕಾಣುತ್ತೆ. ಆದರೆ ಜೊತೆಗಾರ ಹೊಡೆಯಲು ಮೇಜಿನ ಬಳಿ ಹೋದ ಮೇಲೆ, ಅವನ ಸರದಿ ಮುಗಿಯುವ ತನಕ ನೀವು ಸಲಹೆ ಕೊಡುವಂತಿಲ್ಲ. ಕುರ್ಚಿಯಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕು. ಅವನು ತಪ್ಪು ಚೆಂಡು ಆರಿಸುತ್ತಿದ್ದಾನೆ ಅಂತ ಕಣ್ಣಿಗೆ ಕಂಡರೂ ಸುಮ್ಮನಿರಬೇಕು. ನಂಬಿಕೆ ಬಿಟ್ಟರೆ ಅಲ್ಲಿ ಬೇರೆ ದಾರಿಯಿಲ್ಲ.

ನಮ್ಮ ಮಗ್ಗದ ಮಾವ ಕೇರಂ ಬೋರ್ಡ್ ಎದುರು ಹೇಳಿಕೊಟ್ಟಿದ್ದೂ ಅದನ್ನೇ. ಡಬಲ್ಸ್‌ನಲ್ಲಿ ಜೊತೆಗಾರ ಎದುರಿಗೆ ಕೂರುತ್ತಾನೆ. ನಾನು ಜೋರಾಗಿ ಹೊಡೆದು ಒಂದು ಕಾಯಿನ್ ಹಾಕಿ ಬೀಗಿದರೆ, ಬೋರಿಕ್ ಪೌಡರ್ ಉದುರಿಸುತ್ತಾ ಅನ್ನುತ್ತಿದ್ದರು: “ನೀನು ಹಾಕಿದ್ದು ಆಯ್ತು, ನನಗೇನು ಬಿಟ್ಟೆ ಅದನ್ನು ಹೇಳು.”

ಈಗ ದೋಹಾಗೆ ಹೋಗೋಣ. ದೇವನಹಳ್ಳಿ ವಿಮಾನ ನಿಲ್ದಾಣದಿಂದ ಹಾರಿದರೆ ಒಂದು ಹೊತ್ತಿನ ದಾರಿ. ಎದುರಾಳಿಗಳು ಸಾಮಾನ್ಯದವರಲ್ಲ. ಒಬ್ಬರು ಬಾಬರ್ ಮಸೀಹ್. ಇನ್ನೊಬ್ಬರು ಮುಹಮ್ಮದ್ ಆಸಿಫ್, 2012ರ ವಿಶ್ವ ಸ್ನೂಕರ್ ಚಾಂಪಿಯನ್. ಐದು ಫ್ರೇಮ್‌ಗಳ ಫೈನಲ್, ಮೂರು ಗೆದ್ದವರಿಗೆ ಕಪ್. ಮೊದಲ ಫ್ರೇಮ್ ಪಾಕಿಸ್ತಾನಕ್ಕೆ ಹೋಯಿತು. ಎರಡನೆಯದೂ ಪಾಕಿಸ್ತಾನಕ್ಕೇ. ಇನ್ನೊಂದು ಗೆದ್ದರೆ ಅವರ ಕೆಲಸ ಮುಗಿಯಿತು.

ಆ ಹೊತ್ತಿಗೆ ಜೋಡಿಯೊಳಗೆ ಏನು ನಡೆಯುತ್ತೆ, ನೀವೇ ಯೋಚನೆ ಮಾಡಿ. 0-2 ಆದಾಗ ಬೆರಳು ತೋರಿಸೋದು ಸುಲಭ. ನಮ್ಮ ಮನೆಗಳಲ್ಲಿ, ಆಫೀಸುಗಳಲ್ಲಿ, ಮೈತ್ರಿ ಸರ್ಕಾರಗಳಲ್ಲಿ ದಿನಾ ನೋಡುತ್ತೇವಲ್ಲ? ಪಂಕಜ್ ಮತ್ತು ಮನನ್ ಮುಂದಿನ ಫ್ರೇಮ್ ಗೆದ್ದರು. ಅದರ ಮುಂದಿನದನ್ನೂ ಗೆದ್ದರು. 2-2. ಕೊನೆಯ ಫ್ರೇಮ್ ಕೂಡ ಭಾರತದ್ದೇ ಆಯಿತು. 0-2ರಿಂದ 3-2.

ಅದಕ್ಕೂ ಹಿಂದಿನ ವರ್ಷ ನೆನಪಿಸಿಕೊಳ್ಳಿ. 2017ರ ಜೂನ್ 18, ಚಾಂಪಿಯನ್ಸ್ ಟ್ರೋಫಿ ಕ್ರಿಕೆಟ್ ಫೈನಲ್. ಪಾಕಿಸ್ತಾನದ ಎದುರು ನಾವು 180 ರನ್‌ಗಳಿಂದ ಸೋತೆವು. ಆ ಸೋಲನ್ನು ನಾವು ಟಿವಿಯವರು ದಿನಗಟ್ಟಲೆ ಜಗಿದೆವು. ಮುಂದಿನ ತಿಂಗಳೇ, ಜುಲೈನಲ್ಲಿ, ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ಏಷ್ಯನ್ ಟೀಮ್ ಸ್ನೂಕರ್ ಫೈನಲ್ ನಡೆಯಿತು. ಎದುರಾಳಿ ಅದೇ ಪಾಕಿಸ್ತಾನ. ಭಾರತ 3-0ಯಿಂದ ಗೆದ್ದಿತು. ಸೋಲಿಗೆ ಗಂಟೆಗಟ್ಟಲೆ ಸಮಯ ಇದ್ದ ನಮಗೆ ಗೆಲುವಿಗೆ ಒಂದು ಸಾಲು ಮಾತ್ರ ಸಿಕ್ಕಿತು. ಅಲ್ಲೂ ಆಡಿದ್ದು ಇಬ್ಬರು, ಪಂಕಜ್ ಅಡ್ವಾಣಿ ಮತ್ತು ಲಕ್ಷ್ಮಣ್ ರಾವತ್.

2019ರ ಸೆಪ್ಟೆಂಬರ್‌ನಲ್ಲಿ ಮ್ಯಾನ್ಮಾರ್‌ನ ಮಾಂಡಲೆಯಲ್ಲಿ ವಿಶ್ವ ಟೀಮ್ ಸ್ನೂಕರ್. ಫೈನಲ್‌ನಲ್ಲಿ ಥಾಯ್ಲೆಂಡ್ ವಿರುದ್ಧ ಭಾರತಕ್ಕೆ 5-2 ಗೆಲುವು. ಈ ಸಲ ಪಂಕಜ್ ಜೊತೆ ಆಡಿದವರು ಆದಿತ್ಯ ಮೆಹ್ತಾ. 2013ರ ವಿಶ್ವ ಕ್ರೀಡಾಕೂಟದಲ್ಲಿ ಸ್ನೂಕರ್ ಚಿನ್ನ ಗೆದ್ದಿದ್ದ ಆಟಗಾರ.

ಮೂರು ಕಪ್, ಮೂರು ಬೇರೆ ಬೇರೆ ಜೊತೆಗಾರರು. ಪಂಕಜ್ ದೊಡ್ಡ ಆಟಗಾರ ಅನ್ನೋದರಲ್ಲಿ ಎರಡು ಮಾತಿಲ್ಲ. 2018ರ ಪದ್ಮಭೂಷಣ ಪಟ್ಟಿಯಲ್ಲಿ ಧೋನಿ ಹೆಸರಿನ ಜೊತೆ ಇದ್ದ ಇನ್ನೊಬ್ಬ ಕ್ರೀಡಾಪಟು ಅವರೇ. 2024ರ ನವೆಂಬರ್‌ನಲ್ಲಿ ಅದೇ ದೋಹಾದಲ್ಲಿ ಬಿಲಿಯರ್ಡ್ಸ್ ಗೆದ್ದಾಗ ಅವರ ವಿಶ್ವ ಪ್ರಶಸ್ತಿಗಳ ಲೆಕ್ಕ 28ಕ್ಕೆ ಏರಿತು. ಆದರೆ ಆ 28ರ ಲೆಕ್ಕದೊಳಗೇ ಮನನ್ ಇದ್ದಾರೆ, ಆದಿತ್ಯ ಇದ್ದಾರೆ. ಅವರನ್ನು ಕಳೆದರೆ ಅಷ್ಟು ಕಪ್ ಕಡಿಮೆಯಾಗುತ್ತೆ.

ನಾವು ಕನ್ನಡಿಗರು ಜೋಡಿಗಳನ್ನು ಮರೆಯುವವರಲ್ಲ ಅಂತ ನನ್ನ ನಂಬಿಕೆ. ವಿಜಯನಗರದ ಕಥೆ ಹೇಳುವಾಗ ಹಕ್ಕನನ್ನು ಬಿಟ್ಟು ಬುಕ್ಕನನ್ನು ಹೇಳ್ತೀವಾ? ಹಾಡು ಕೇಳಿ ಖುಷಿಪಟ್ಟು, ಸಂಗೀತ ರಾಜನ್ ಅಂತ ನಿಲ್ಲಿಸ್ತೀವಾ? ರಾಜನ್-ನಾಗೇಂದ್ರ ಅಂದರೇನೇ ನಾಲಿಗೆಗೆ ಸಮಾಧಾನ. ಹಾಗಿದ್ದ ಮೇಲೆ ಒಬ್ಬನೇ ಹೀರೋ ಬೇಕು ಅನ್ನುವ ಚಟ ಎಲ್ಲಿಂದ ಬಂತು? ದೊಡ್ಡ ಪಾಲು ನಮ್ಮಿಂದಲೇ, ಟಿವಿಯವರಿಂದಲೇ ಬಂತು. ಒಂದು ಮುಖ, ಒಂದು ಹೆಸರು, ಒಂದು ಹೆಡ್‌ಲೈನ್. ಎರಡನೇ ಮುಖಕ್ಕೆ ಪರದೆಯಲ್ಲಿ ಕಿಟಕಿ ತೆರೆಯೋದು ಜಗಳ ಹಚ್ಚುವಾಗ ಮಾತ್ರ.

ಜಬಲ್‌ಪುರದ ಮೆಸ್‌ನಲ್ಲಿ ಅಂಕ ಬರೆದ ಮಾರ್ಕರ್‌ನ ಹೆಸರು ಇನ್ನು ಯಾರಿಗೂ ಸಿಗೋದಿಲ್ಲ. ಅದನ್ನು ಬಿಟ್ಟವರು ಸಾಹೇಬರು. ಮನನ್ ಚಂದ್ರ ಹೆಸರನ್ನು ಬಿಟ್ಟವನು ಮಾತ್ರ ನಾನು. ಕೈಯಲ್ಲಿ ಕೀಬೋರ್ಡ್ ಇತ್ತು, ಕಣ್ಣ ಮುಂದೆ ಹೆಸರಿತ್ತು.

ಮಾವನ ಮಗ್ಗ ಈಗ ನಿಂತಿದೆ, ಕೇರಂ ನಿಂತಿಲ್ಲ. ಮೊನ್ನೆ ಹಬ್ಬಕ್ಕೆ ಊರಿಗೆ ಹೋದಾಗ ಇಬ್ಬರೂ ಒಂದೇ ಪಾರ್ಟಿಯಲ್ಲಿ ಎದುರು-ಬದುರು ಕೂತು ಆಡಿದೆವು. ಗೆದ್ದೆವು. ಬೀದಿಯ ಹುಡುಗನೊಬ್ಬ ಫೋಟೊ ತೆಗೆದು, “ಅಣ್ಣ, ಟಿವಿ ಆಂಕರ್ ಗೆದ್ರು ಅಂತ ಸ್ಟೇಟಸ್ ಹಾಕ್ಲಾ?” ಅಂದ.

ಹಾಕು, ಆದರೆ ಮೊದಲು ಮಾವನ ಹೆಸರು ಬರಿ ಅಂದೆ. ಮಾವ ಸ್ಟ್ರೈಕರ್ ಒರೆಸುತ್ತಾ ನಕ್ಕರು. “ಈಗ ಕಲಿತ ನೋಡು” ಅಂದರು.