ಕೊಡಗಿನ ಕಾಫಿ ಉದ್ಯಮ: ಧೈರ್ಯದ ಮೂರು ಪರೀಕ್ಷೆಗಳು

11ನೆಯ ಶತಮಾನದಲ್ಲಿ ಕೊಂಗಾಳ್ವರ ಆಶ್ರಯದಲ್ಲಿ ಮುಳ್ಳೂರಿನ ಬಸದಿಗಳನ್ನು ಕಂಡ ಕೊಡಗು, ಮುಂದೆ ಕಾಫಿಯ ನಾಡೆಂದು ಪ್ರಖ್ಯಾತವಾಯಿತು. 1854ರಲ್ಲಿ ಫೌಲರ್ ಎಂಬ ಆಂಗ್ಲನು ಮಡಿಕೇರಿಯ ಬಳಿ ಕಾಫಿ ತೋಟವನ್ನು ತೆರೆದನು. ಅವನ ಹಿಂದೆಯೇ ಅನೇಕರು ಬಂದರು. ಆದರೆ ಕಾಡನ್ನು ಪೂರ್ತಿಯಾಗಿ ಕಡಿದು ಬಿಸಿಲಿಗೊಡ್ಡಿದ ತೋಟಗಳನ್ನು 1860ರ ದಶಕದಲ್ಲಿ ಕಾಂಡಕೊರಕ ಹುಳು ಹಾಳುಗೆಡವಿತು. ಹಲವರು ತೋಟಗಳನ್ನು ತೊರೆದರು. ಉಳಿದವರು ನೆರಳಿನ ಮರಗಳನ್ನು ಬೆಳೆಸಿ, ಫಲಕ್ಕಾಗಿ ವರ್ಷಗಟ್ಟಲೆ ಕಾದರು.

ಎರಡನೆಯ ಮಹಾಯುದ್ಧವು ಯೂರೋಪಿನ ಮಾರುಕಟ್ಟೆಯನ್ನು ಮುಚ್ಚಿದುದು ಎರಡನೆಯ ಪರೀಕ್ಷೆ. 1942ರ ಶಾಸನದಂತೆ ಬೆಳೆಗಾರರು ತಮ್ಮ ಫಸಲನ್ನು ಕಾಫಿ ಮಂಡಳಿಯ ಒಂದೇ ‘ಪೂಲ್’ಗೆ ಒಪ್ಪಿಸಿದರು. ಸ್ವಂತ ವ್ಯಾಪಾರದ ಹಕ್ಕನ್ನು ಬಿಟ್ಟುಕೊಟ್ಟು ಎಲ್ಲರೊಡನೆ ನಿಲ್ಲುವುದೂ ಧೈರ್ಯವೇ ಸರಿ.

1996ರಲ್ಲಿ ಆ ಆಶ್ರಯವೂ ಪೂರ್ಣವಾಗಿ ತೆರವಾಯಿತು. ಸಣ್ಣ ಬೆಳೆಗಾರನೂ ಲಂಡನ್, ನ್ಯೂಯಾರ್ಕ್‌ಗಳ ದರದ ಏರಿಳಿತಕ್ಕೆ ತಾನೇ ಎದೆಯೊಡ್ಡಬೇಕಾಯಿತು. ಮುಂದೆ ಕಾಫಿಯ ಬೆಲೆ ಕುಸಿದ ವರ್ಷಗಳಲ್ಲಿ ಅನೇಕರ ಕೈಹಿಡಿದುದು ನೆರಳುಮರಗಳಿಗೆ ಹಬ್ಬಿದ ಕಾಳುಮೆಣಸು. ಹುಳುವಿನ ಕಾಟಕ್ಕೆ ಪರಿಹಾರವಾಗಿ ಹಿರಿಯರು ಕಂಡುಕೊಂಡ ನೆರಳು, ಅವರು ಊಹಿಸದಿದ್ದ ಸಂಕಟದಲ್ಲಿಯೂ ಆಸರೆಯಾಯಿತು. ಸೋತ ನೆಲದಲ್ಲಿಯೇ ನಿಂತು ಮುಂದಿನವರಿಗಾಗಿ ಮರ ನೆಡುವವನೇ ಉದ್ಯಮದ ನಿಜವಾದ ನಾಯಕ.