ಹೊಗೆಗೂ ಮಗುವಿಗೂ ನಡುವಿನ ದೂರ

ತಿಮೂರಿ ದೊರೆ ಶಾಹ್ ರುಖ್‌ನ ರಾಯಭಾರಿ ಅಬ್ದುರ್ ರಝಾಕ್ 1443ರಲ್ಲಿ ಕಲ್ಲಿಕೋಟೆಯಿಂದ ಹಡಗಿನಲ್ಲಿ ಮಂಗಳೂರಿಗೆ ಬಂದು, ಘಟ್ಟ ಹತ್ತಿ ವಿಜಯನಗರ ಸೇರಿದ. ಅಲ್ಲಿ ಅವನು ಕಂಡ ಮಹಾನವಮಿಯ ವರ್ಣನೆಯಲ್ಲಿ ಆನೆ, ಮಂಟಪ, ನರ್ತಕಿಯರ ಜೊತೆ ಬಾಣಬಿರುಸುಗಳ ಮಾತೂ ಇದೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್ ಕೂಡ ಇದನ್ನು ಬರೆದಿದ್ದಾನೆ. ಇಂಥ ದಾಖಲೆಗಳನ್ನೆಲ್ಲ ಹುಡುಕಿ ವಿದ್ವಾಂಸ ಪಿ.ಕೆ. ಗೋಡೆ ಭಾರತದ ಬಾಣಬಿರುಸುಗಳ ಚರಿತ್ರೆಯನ್ನು ಬರೆದರು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕಲ್ಚರ್ ಅದನ್ನು 1953ರಲ್ಲಿ ಪ್ರಕಟಿಸಿತು.

ಪಟಾಕಿ ನಮ್ಮದೇ ಅಲ್ಲ ಎನ್ನುವವರ ವಾದಕ್ಕೆ ಈ ದಾಖಲೆಗಳು ಒತ್ತಾಸೆ ಕೊಡುವುದಿಲ್ಲ. ಹಾಗೆಂದು ಹಿಂದಿನಿಂದಲೂ ಹೀಗೇ ನಡೆದಿದೆ ಎನ್ನುವವರ ಪರವೂ ಅವು ನಿಲ್ಲುವುದಿಲ್ಲ. ವಿಜಯನಗರದ ಬಿರುಸು ಅರಮನೆಯ ಬಯಲಿನದು. ಸುಡುವವರು ಅದರಲ್ಲಿ ಪಳಗಿದವರು, ಉಳಿದವರು ದೂರ ನಿಂತು ನೋಡುವವರು. ನಮ್ಮ ಕರಾವಳಿಯ ಜಾತ್ರೆ, ನೇಮಗಳಲ್ಲಿ ಗರ್ನಾಲು ಸಿಡಿಸುವುದೂ ಜನರಿಂದ ದೂರ, ಗದ್ದೆಯ ಆಚೆ ಬದಿಯಲ್ಲಿ. ಶಬ್ದ ಎಲ್ಲರಿಗೂ ಸೇರಿದ್ದು, ಹೊಗೆ ಬಯಲಿಗೆ ಬಿಟ್ಟದ್ದು.

ನಾನು ಸಂಶೋಧನೆಗೆ ಆರಿಸಿಕೊಂಡಿರುವುದು ಕರಾವಳಿಯ ಹಬ್ಬಗಳ ಚರಿತ್ರೆ. ಊರು ಕಟಪಾಡಿ. ಉಡುಪಿ–ಕಾಪು ನಡುವಿನ ಈ ಊರಿನಲ್ಲಿ ಹಿರಿಯರು ದೀಪಾವಳಿಗೆ ಹೇಳುವ ಹೆಸರು ‘ಪರ್ಬ’. ಎಣ್ಣೆಸ್ನಾನ, ಅವಲಕ್ಕಿ, ದೋಸೆ, ಹಟ್ಟಿಯ ದನಗಳಿಗೆ ಪೂಜೆ, ಸಂಜೆ ಗದ್ದೆಗೆ ದೀಪ ಇಟ್ಟು ಬಲೀಂದ್ರನನ್ನು ಕರೆಯುವುದು. ಕಳೆದುಕೊಂಡ ರಾಜ್ಯವನ್ನು ನೋಡಲು ವರ್ಷಕ್ಕೊಮ್ಮೆ ಬರುವ ಅರಸನಿಗೆ ಹೊಲದ ಬದುವಿನಲ್ಲಿ ನಿಂತು ‘ಕೂ’ ಹಾಕುತ್ತಾರೆ. ಹಬ್ಬದ ತಿರುಳು ಈ ಕರೆ ಮತ್ತು ದೀಪ. ಮದ್ದಿನ ಪುಡಿ ಇಲ್ಲದಿದ್ದರೂ ಬಲೀಂದ್ರ ಬರುತ್ತಾನೆ.

ಪಟಾಕಿ ಮನೆಯಂಗಳಕ್ಕೆ ಬಂದ ದಾರಿ ಬೇರೆ. ಶಿವಕಾಶಿಯ ಅಯ್ಯ ನಾಡಾರ್ ಮತ್ತು ಷಣ್ಮುಗ ನಾಡಾರ್ 1923ರಲ್ಲಿ ಕಲ್ಕತ್ತೆಗೆ ಹೋಗಿ ಬೆಂಕಿಪೊಟ್ಟಣ ಮಾಡುವುದನ್ನು ಕಲಿತು ಬಂದರು. 1940ರ ಹೊತ್ತಿಗೆ ಸ್ಫೋಟಕಗಳ ಕಾನೂನು ಬದಲಾದ ಮೇಲೆ ಶಿವಕಾಶಿಯಲ್ಲಿ ಪಟಾಕಿಯ ಕಾರ್ಖಾನೆಗಳು ಬೆಳೆದವು. ಅರಮನೆಯ ಬೆರಗು ಕಿರಾಣಿ ಅಂಗಡಿಯ ಸರಕಾಯಿತು. ಐದು ಶತಮಾನ ಬೆಂಕಿಗೂ ನೋಡುವವರಿಗೂ ನಡುವೆ ಇದ್ದ ದೂರ ಎರಡು ತಲೆಮಾರಿನಲ್ಲಿ ಒಂದು ತೋಳಿನಷ್ಟಾಯಿತು.

ಮಕ್ಕಳ ಮಟ್ಟಿಗೆ ಈ ದೂರವೇ ಎಲ್ಲ. ಪುಣೆಯ ಚೆಸ್ಟ್ ರಿಸರ್ಚ್ ಫೌಂಡೇಶನ್ ಆರು ಬಗೆಯ ಪಟಾಕಿಗಳ ಹೊಗೆಯನ್ನು ಅಳೆದಾಗ, ಶ್ವಾಸಕೋಶದ ಆಳಕ್ಕೆ ಇಳಿಯುವ ಸೂಕ್ಷ್ಮ ಕಣಗಳು ಅತಿ ಹೆಚ್ಚು ಹೊಮ್ಮಿದ್ದು ಹಾವಿನ ಮಾತ್ರೆಯಿಂದ. ಸದ್ದಿಲ್ಲ, ಸಿಡಿಯುವುದಿಲ್ಲ ಎಂದು ನಾವು ಅತಿ ಚಿಕ್ಕವರ ಕೈಗೆ ಕೊಡುವುದು ಅದನ್ನೇ. ಮಗು ಕುಕ್ಕರಗಾಲಲ್ಲಿ ಕೂತು, ಮೂಗನ್ನು ಹೊಗೆಯ ಮೇಲೆ ಹಿಡಿದು, ಹಾವು ಏಳುವುದನ್ನು ನೋಡುತ್ತದೆ.

ಇದೇ ಕಾಲದಲ್ಲಿ ಅಸ್ತಮಾದ ಲೆಕ್ಕವೂ ಬದಲಾಗುತ್ತಿತ್ತು. ಬೆಂಗಳೂರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ 18 ವರ್ಷದೊಳಗಿನ 20,000 ಮಕ್ಕಳ ಅಧ್ಯಯನ ಮಾಡಿದರು. 1979ರಲ್ಲಿ ಅವರಲ್ಲಿ ಅಸ್ತಮಾ ಇದ್ದವರು ಶೇ. 9, 1999ಕ್ಕೆ ಶೇ. 29.5. ಇದು ಒಂದು ಆಸ್ಪತ್ರೆಯ ಲೆಕ್ಕ, ಇಡೀ ನಾಡಿನದಲ್ಲ. ಪಟಾಕಿಯೇ ಇದಕ್ಕೆ ಕಾರಣವೆಂದೂ ಅಲ್ಲ. ವಾಹನದ ಹೊಗೆ, ಧೂಳು ಎಲ್ಲ ಸೇರಿದೆ. ಆದರೆ ಹೊಗೆ ಹತ್ತಿರ ಬಂದದ್ದೂ, ಹೊಗೆ ತಾಳದ ಮಕ್ಕಳ ಸಂಖ್ಯೆ ಏರಿದ್ದೂ ಒಂದೇ ಕಾಲದಲ್ಲಿ.

ಅಕ್ಕನ ಮಗನಿಗೆ ಆರು ವರ್ಷ. ಅವನಿಗೆ ಇನ್ಹೇಲರ್ ಬೇಕಾಗುತ್ತದೆ. ಅಂಗಳದಲ್ಲಿ ಪಟಾಕಿ ಬೇಡ ಅಂದರೆ ನನಗೆ ಸಿಗುವ ಉತ್ತರ ಒಂದೇ: “ವರ್ಷಕ್ಕೊಂದು ಸಲ ಅಲ್ವಾ ಮಾರಾಯ್ತಿ, ಅವನನ್ನು ಒಳಗೆ ಕೂರಿಸು.” ಮಾತಿನಲ್ಲಿ ಕೆಡುಕಿಲ್ಲ. ಆದರೆ ಅದರ ಅರ್ಥ, ಹಬ್ಬ ನಮ್ಮದು, ಕಿಟಕಿ ಅವನದು.

ಇದನ್ನು ಒಪ್ಪದೆ 2015ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ದೆಹಲಿಯ ಮೂರು ಹಸುಗೂಸುಗಳು. ಆರು ತಿಂಗಳಿಂದ ಹದಿನಾಲ್ಕು ತಿಂಗಳ ಪ್ರಾಯದವರು. ಅರ್ಜಿ ಹಾಕಿದ್ದು ಅವರ ಪರವಾಗಿ ಅಪ್ಪಂದಿರು. ಅರ್ಜುನ್ ಗೋಪಾಲ್ ಪ್ರಕರಣವೆಂದು ಹೆಸರಾದ ಇದರಲ್ಲಿ 2018ರ ಅಕ್ಟೋಬರ್ 23ರಂದು ಆದೇಶ ಬಂತು. ಮಾಲಿನ್ಯ ಕಡಿಮೆ ಇರುವ ಹಸಿರು ಪಟಾಕಿಗಳಿಗೆ ಮಾತ್ರ ಅನುಮತಿ, ಬೇರಿಯಂ ಲವಣಗಳಿಗೆ ನಿಷೇಧ, ದೀಪಾವಳಿಗೆ ರಾತ್ರಿ 8ರಿಂದ 10ರ ಸಮಯ. ಇದರಲ್ಲಿ ನನಗೆ ಮುಖ್ಯವೆನಿಸಿದ್ದು ಕಡಿಮೆ ಸುದ್ದಿಯಾದ ಇನ್ನೊಂದು ಮಾತು: ಮೊದಲೇ ಗೊತ್ತುಮಾಡಿದ ಜಾಗದಲ್ಲಿ ಊರವರೆಲ್ಲ ಸೇರಿ ಪಟಾಕಿ ಸುಡುವ ಸಾಧ್ಯತೆಯನ್ನು ರಾಜ್ಯಗಳು ಪರಿಶೀಲಿಸಬೇಕು. ಅರಮನೆಯ ಬಯಲು, ಜಾತ್ರೆಯ ಗದ್ದೆ ಪಾಲಿಸುತ್ತಿದ್ದ ಕ್ರಮವೇ ಅದು. ಹಸಿರು ಪಟಾಕಿಯೂ ಹೊಗೆರಹಿತವಲ್ಲ. ಆದ್ದರಿಂದ ದೂರ ಆಗಲೂ ಬೇಕು.

ಹಬ್ಬದ ಅಪಾಯ ಅಂಗಳದಲ್ಲಿ ಮುಗಿಯುವುದಿಲ್ಲ. ಪರ್ಬದ ಮೊದಲು ಅಟ್ಟ ಗುಡಿಸುವಾಗ ಏಳುವ ಧೂಳು, ಮುಚ್ಚಿದ ಕೋಣೆಯ ಧೂಪ, ಅಗರಬತ್ತಿ ಕೂಡ ಉಬ್ಬಸ ಕೆರಳಿಸಬಲ್ಲವು. ಗೇರುಬೀಜವೋ ನೆಲಗಡಲೆಯೋ ಒಗ್ಗದ ಮಗು ಇದ್ದರೆ ಪಾಯಸದ ಸೌಟು ಇನ್ನೊಂದು ಪಾತ್ರೆಗೆ ಹೋಗಬಾರದು. ನೆಂಟರು ತಂದ ಸಿಹಿಯಲ್ಲಿ ಏನಿದೆ ಎಂದು ಕೇಳುವುದು ಮರ್ಯಾದೆಗೇಡಲ್ಲ. ವೈದ್ಯರು ದಿನವೂ ತೆಗೆದುಕೊಳ್ಳಲು ಹೇಳಿದ ಔಷಧಿ ಹಬ್ಬದ ಗಡಿಬಿಡಿಯಲ್ಲಿ ತಪ್ಪಬಾರದು. ತುರ್ತಿನ ಇನ್ಹೇಲರ್ ಬೀರುವಿನಲ್ಲಲ್ಲ, ಕೈಗೆಟಕುವಲ್ಲಿ ಇರಬೇಕು. ಅದಕ್ಕೂ ಉಬ್ಬಸ ಇಳಿಯದಿದ್ದರೆ, ಮಗುವಿಗೆ ಮಾತಾಡಲೂ ಉಸಿರು ಸಾಲದಿದ್ದರೆ, ತುಟಿ ನೀಲಿಯಾದರೆ, ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಏಣೆಲು ಕೊಯ್ಲು ಮುಗಿದ ಗದ್ದೆ ನಮ್ಮ ಕಡೆ ಇನ್ನೂ ಉಳಿದಿದೆ. ಸುಡಲೇಬೇಕೆನ್ನುವವರು ಮನೆಗಳಿಂದ ದೂರದ ಒಂದು ಗದ್ದೆಯನ್ನು ಊರಿಗೆಲ್ಲ ಗೊತ್ತುಮಾಡಿಕೊಳ್ಳಬಹುದು. ಅಂಗಳ ದೀಪಕ್ಕಿರಲಿ. ಬಲೀಂದ್ರನಿಗೆ ‘ಕೂ’ ಹಾಕಲು ತುಂಬ ಉಸಿರು ಬೇಕು. ಅಸ್ತಮಾ ಇರುವ ಮಗುವೂ ಬದುವಿನಲ್ಲಿ ನಿಂತು ಆ ಕೂಗಿಗೆ ದನಿಗೂಡಿಸುವಂತಿದ್ದರೆ ಸಂಪ್ರದಾಯ ಉಳಿದ ಹಾಗೆ.