ಆನೆ, ಅಧಿಕಾರಿ ಮತ್ತು ಕೂಲಿಯಾಳು: ಆರ್ವೆಲ್ಲರ ಪ್ರಬಂಧವೊಂದರ ಚಿತ್ರರೂಪ

ಜಾರ್ಜ್ ಆರ್ವೆಲ್ 1922ರಿಂದ 1927ರವರೆಗೆ ಬರ್ಮಾದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದರು. ಅಲ್ಲಿನ ಮೌಲ್ಮೇನ್ ಪಟ್ಟಣವನ್ನು ಹಿನ್ನೆಲೆಯಾಗಿಟ್ಟುಕೊಂಡ ‘ಶೂಟಿಂಗ್ ಆ್ಯನ್ ಎಲಿಫೆಂಟ್’ ಪ್ರಬಂಧ 1936ರಲ್ಲಿ ‘ನ್ಯೂ ರೈಟಿಂಗ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹ್ವಾನ್ ಪಾಬ್ಲೊ ರೋಥಿ ಇದನ್ನು ನೇಪಾಳದಲ್ಲಿ ಕಿರುಚಿತ್ರವಾಗಿ ತೆಗೆದಿದ್ದಾರೆ. ಆ ಒಂದು ಚಿತ್ರದ ವಿಮರ್ಶೆ ಇಲ್ಲಿನ ಉದ್ದೇಶವಲ್ಲ. ಈ ಪ್ರಬಂಧವನ್ನು ತೆರೆಗೆ ತರುವ ಯಾರೇ ಆಗಲಿ ಎದುರಿಸಬೇಕಾದ ತೊಡಕುಗಳನ್ನು ಪರಿಶೀಲಿಸುತ್ತೇನೆ.

ಕಥೆಯ ಎಳೆ ಸರಳ. ಮದವೇರಿದ ಸಾಕಾನೆಯೊಂದು ಸರಪಳಿ ಕಿತ್ತುಕೊಂಡು ಹೋಗಿ ಕೂಲಿಯವನೊಬ್ಬನನ್ನು ಕೊಲ್ಲುತ್ತದೆ. ಅಧಿಕಾರಿ ಬರುವ ಹೊತ್ತಿಗೆ ಮದ ಇಳಿದು ಅದು ಗದ್ದೆಯಲ್ಲಿ ಹುಲ್ಲು ಮೇಯುತ್ತಿರುತ್ತದೆ. ಕೊಲ್ಲುವ ಅಗತ್ಯವಿಲ್ಲವೆಂದು ತಿಳಿದಿದ್ದರೂ, ಬೆನ್ನಹಿಂದೆ ನೆರೆದ ಎರಡು ಸಾವಿರ ಜನರ ಎದುರು ನಗೆಪಾಟಲಾಗುವ ಭಯದಿಂದ ಆತ ಗುಂಡು ಹಾರಿಸುತ್ತಾನೆ.

ಪ್ರಬಂಧದಲ್ಲಿ ಇಬ್ಬರು ‘ನಾನು’ ಇದ್ದಾರೆ. ಒಬ್ಬ ಬಂದೂಕು ಹಿಡಿದ ತರುಣ; ಇನ್ನೊಬ್ಬ ವರ್ಷಗಳ ನಂತರ ಅವನನ್ನು ವಿಚಾರಣೆಗೆ ಒಡ್ಡುವ ಲೇಖಕ. ಸಾಮ್ರಾಜ್ಯವಾದಿ ತನ್ನ ಮುಖವಾಡಕ್ಕೆ ತಾನೇ ಸೆರೆಯಾಗುತ್ತಾನೆ ಎಂಬ ಅರಿವು ಈ ಎರಡನೆಯವನದು. ಕ್ಯಾಮೆರಾ ಹಿಡಿಯುವುದು ಮೊದಲನೆಯವನನ್ನು ಮಾತ್ರ. ಹಿನ್ನೆಲೆ ಧ್ವನಿಯಲ್ಲಿ ಪ್ರಬಂಧದ ವಾಕ್ಯಗಳನ್ನು ಓದಿಸಿಬಿಟ್ಟರೆ ವಿಚಾರ ಬಂದೀತು, ಆದರೆ ಪ್ರೇಕ್ಷಕ ಅದನ್ನು ತಾನಾಗಿ ಕಂಡುಕೊಂಡಂತಾಗುವುದಿಲ್ಲ. ನನ್ನ ದೃಷ್ಟಿಯಲ್ಲಿ ಕ್ಯಾಮೆರಾ ಅಧಿಕಾರಿಯ ಭುಜದ ಹಿಂದಿನಿಂದಲ್ಲ, ಗುಂಪಿನ ನಡುವಿನಿಂದ ನೋಡಬೇಕು. ಆಗ ಅವನ ಕತ್ತು, ಬೆವರು, ಬಂದೂಕು ಬದಲಾಯಿಸುವ ಕೈ ಮಾತಿಲ್ಲದೆಯೇ ಅವನ ಸೆರೆಯನ್ನು ತೋರಿಸುತ್ತವೆ.

ಕಾಲದ ಅಳತೆಯೂ ಕಠಿಣವಾದುದೇ. ಮೊದಲ ಗುಂಡಿಗೆ ಆನೆ ಬೀಳುವುದಿಲ್ಲ, ಒಮ್ಮೆಲೇ ಮುಪ್ಪಾದಂತೆ ಕಾಣುತ್ತದೆ. ಮೂರನೆಯದಕ್ಕೆ ಬಿದ್ದರೂ ಪ್ರಾಣ ಹೋಗುವುದಿಲ್ಲ. ನೋಡಲಾರದೆ ಅಧಿಕಾರಿ ಹೊರಟುಹೋದ ಮೇಲೂ ಅದು ಅರ್ಧ ಗಂಟೆ ಜೀವ ಹಿಡಿದಿರುತ್ತದೆ. ಕಿರುಚಿತ್ರವೊಂದು ಇಡೀ ಮುಗಿಯುವಷ್ಟು ಹೊತ್ತು ಅದು. ಆ ಅರ್ಧ ಗಂಟೆಯನ್ನು ಉಸಿರಾಟದ ಸದ್ದಿನ ಮೂಲಕವಾದರೂ ಉಳಿಸಿಕೊಳ್ಳದ ಚಿತ್ರ ಪ್ರಬಂಧದ ತಿರುಳನ್ನೇ ಕೈಬಿಟ್ಟಂತೆ.

ಇವೆಲ್ಲಕ್ಕಿಂತ ಮುಖ್ಯ ಪ್ರಶ್ನೆ ಸತ್ತ ಕೂಲಿಯವನದು. ಮಳೆಗೆ ನೆನೆದ ಮಣ್ಣಿನಲ್ಲಿ ಅವನ ಮುಖ ಒಂದಡಿ ಆಳದ ತಗ್ಗು ಕೊರೆದಿತ್ತು ಎಂದು ಆರ್ವೆಲ್ ವಿವರಿಸುತ್ತಾರೆ. ಕಣ್ಣು ತೆರೆದೇ ಇತ್ತು. ಹೆಸರು ಮಾತ್ರ ಇಲ್ಲ. ಕೊನೆಯಲ್ಲಿ ತರುಣ ಯುರೋಪಿಯನ್ನರು ಯಾವ ಕೊರಿಂಗಾ ಕೂಲಿಗಿಂತಲೂ ಆನೆಯ ಬೆಲೆ ಹೆಚ್ಚೆಂದು ವಾದಿಸುತ್ತಾರೆ. ಅವನು ಸತ್ತದ್ದು ಒಳ್ಳೆಯದೇ ಆಯಿತು, ಕಾನೂನು ತನ್ನ ಪರವಾಯಿತು ಎಂದು ಅಧಿಕಾರಿಯೂ ಸಮಾಧಾನಪಡುತ್ತಾನೆ. ಈ ಕ್ರೌರ್ಯವನ್ನು ಆರ್ವೆಲ್ ಮುಚ್ಚಿಡುವುದಿಲ್ಲ, ಆದರೆ ಆ ಮನುಷ್ಯ ಯಾರೆಂದೂ ಕೇಳುವುದಿಲ್ಲ. ಕೊರಿಂಗಾ ಇಂದಿನ ಆಂಧ್ರದ ಕಾಕಿನಾಡ ಬಳಿಯ ಹಳೆಯ ಬಂದರು. ಆ ಕರಾವಳಿಯ ತೆಲುಗು ಕೂಲಿಕಾರರು ದೊಡ್ಡ ಸಂಖ್ಯೆಯಲ್ಲಿ ಬರ್ಮಾಕ್ಕೆ ಹೋಗುತ್ತಿದ್ದರು. ಹೆಣವನ್ನು ಬರಿಯ ದೃಶ್ಯವಾಗಿ ತೋರಿಸುವ ಚಿತ್ರ ಆ ತರುಣರ ಲೆಕ್ಕಾಚಾರವನ್ನೇ ಒಪ್ಪಿಕೊಂಡಂತಾಗುತ್ತದೆ. ಅವನ ಗುಡಿಸಲು, ಅವನ ತೆಲುಗು ಮಾತು, ಸಾವಿಗೆ ಮುಂಚಿನ ಒಂದು ಬೆಳಗು ತೆರೆಯ ಮೇಲೆ ಬರಬೇಕು.

1950ರಲ್ಲಿ ತೀರಿಕೊಂಡ ಆರ್ವೆಲ್ಲರ ಕೃತಿಗಳ ಹಕ್ಕುಸ್ವಾಮ್ಯ ಭಾರತದಲ್ಲಿ 2010ರ ಕೊನೆಗೆ ಮುಗಿದಿದೆ. ಈ ಪ್ರಬಂಧವನ್ನು ಕೂಲಿಯವನ ಕಡೆಯಿಂದ ಚಿತ್ರಿಸಲು ನಮ್ಮ ನಿರ್ದೇಶಕರು ಯಾರ ಅನುಮತಿಗೂ ಕಾಯಬೇಕಿಲ್ಲ.